ಅಪ್ಪನ ಬ್ರೇಕ್ ಪೈಪು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಹಟ್ಟಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಸುಳ್ಳೇನಲ್ಲ. ಆದರೆ ಆ ಸಿಟ್ಟಿನಿಂದ ನನ್ನ ಬದುಕಿನಲ್ಲಿ ಒಂದು ಕೆಲಸವಾದರೂ ನೆಟ್ಟಗೆ ಆಯಿತು ಎನ್ನುವ ಹಾಗಿಲ್ಲ. ಅಪ್ಪನ ಜೀಪಿನ ವಿಷಯದಲ್ಲಂತೂ ಅದು ನಯಾಪೈಸೆ ಉಪಯೋಗಕ್ಕೆ ಬರಲಿಲ್ಲ.

ನಮ್ಮದು ಊಟಿಯ ಹತ್ತಿರದ ನಂಜನಾಡು ದಾಟಿ ಇನ್ನೂ ಮೇಲಕ್ಕೆ ಹತ್ತಿದರೆ ಸಿಗುವ ಹಟ್ಟಿ. ಸಾಲಾಗಿ ಒಂದಕ್ಕೊಂದು ಅಂಟಿಕೊಂಡ ಮನೆಗಳು, ಮುಂದೆ ಕಲ್ಲು ಹಾಸಿದ ಅಂಗಳ, ಅಂಗಳದ ತುದಿಯಲ್ಲಿ ಗಂಡಸರು ಕೂತು ಹರಟುವ ಕಲ್ಲಿನ ಜಗಲಿ. ಜಗಲಿಯ ಪಕ್ಕದಿಂದಲೇ ಇಳಿಜಾರು ಶುರು. ಬಸ್ಸು ನಿಲ್ಲುವ ರಸ್ತೆ ಎಲ್ಲೋ ಕೆಳಗೆ. ಅಲ್ಲಿಗೆ ಇಳಿಯುವ ದಾರಿಯಲ್ಲಿ ಒಂದು ಬದಿಗೆ ಕ್ಯಾರೆಟ್ ಪಾತಿಗಳು, ಇನ್ನೊಂದು ಬದಿಗೆ ಏನೂ ಇಲ್ಲ. ಹೊಸಬರು ಆ ಬದಿಗೆ ನೋಡಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಅದು ದಾರಿ, ಅಷ್ಟೇ.

ನಮ್ಮ ಮನೆಯ ಮಾತು ಬಡಗ. ಈಗ ಬರೆಯುತ್ತಿರುವ ಈ ಕನ್ನಡ ನಾನು ಮೈಸೂರಿನಲ್ಲಿ ಓದುವಾಗ ಕಲಿತದ್ದು. ಓದು ಮುಗಿಸಿ ಊಟಿಯ ಒಂದು ಸಣ್ಣ ಶಾಲೆಯಲ್ಲಿ ಟೀಚರಮ್ಮನಾಗಿದ್ದೆ. ವಾರವೆಲ್ಲ ಅಲ್ಲಿ ಒಂದು ಕೋಣೆಯಲ್ಲಿದ್ದು ಶನಿವಾರ ಹಟ್ಟಿಗೆ ಬರುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲ ಅದು.

ಅಪ್ಪ ಮೊದಲು ಕೋತಗಿರಿ ಕಡೆಯ ಒಂದು ಟೀ ಫ್ಯಾಕ್ಟರಿಯಲ್ಲಿ ಲಾರಿ ಓಡಿಸುತ್ತಿದ್ದ. ಆ ಕೆಲಸ ಬಿಟ್ಟು ಬಂದಾಗ ಜೊತೆಗೆ ತಂದದ್ದು ಎರಡು: ಒಂದು ಹಳೆಯ ಜೀಪು, ಇನ್ನೊಂದು ತಾನಲ್ಲದೆ ಬೇರೆ ಯಾರೂ ಬ್ರೇಕನ್ನು ಸರಿಯಾಗಿ ಮಾಡಲಾರರು ಎಂಬ ನಂಬಿಕೆ. ಬೆಳಗ್ಗೆ ಕ್ಯಾರೆಟ್ಟು, ಕೋಸು, ಆಲೂಗಡ್ಡೆಯ ಮೂಟೆಗಳನ್ನು ಊಟಿ ಮಾರ್ಕೆಟ್ಟಿಗೆ ಇಳಿಸುವುದು, ಬಂದು ಹಟ್ಟಿಯ ಮಕ್ಕಳನ್ನು ತುಂಬಿಕೊಂಡು ಶಾಲೆಗೆ ಬಿಡುವುದು, ಸಂಜೆ ಮತ್ತೆ ಅವರನ್ನು ಹತ್ತಿಸಿಕೊಂಡು ಬರುವುದು. ನಡುವೆ ಯಾರಿಗಾದರೂ ಹೆರಿಗೆ ನೋವು ಬಂದರೂ, ಯಾರ ಮನೆಗಾದರೂ ಮದುವೆ ದಿಬ್ಬಣ ಹೊರಟರೂ ಇದೇ ಜೀಪು. ಮಕ್ಕಳು ಹಿಂದೆ ಒಬ್ಬರ ತೊಡೆಯ ಮೇಲೊಬ್ಬರು ಕೂತು ಕಿರುಚಿಕೊಂಡು ಹೋಗುತ್ತಿದ್ದರು. ತಾಯಂದಿರು ಬಾಗಿಲಲ್ಲಿ ನಿಂತು ಕೈ ಬೀಸಿ ಒಳಗೆ ಹೋಗಿಬಿಡುತ್ತಿದ್ದರು. ಜೀಪು ಕೆಳಗೆ ತಲುಪಿತೋ ಇಲ್ಲವೋ ಎಂದು ಒಬ್ಬರೂ ನಿಂತು ನೋಡಿದ್ದಿಲ್ಲ.

ಆ ನಿಶ್ಚಿಂತೆಗೆ ಕಾರಣ ಅಪ್ಪ ಇಟ್ಟುಕೊಂಡಿದ್ದ ಒಂದು ಕಟ್ಟಳೆ. ಕ್ಯಾರೆಟ್ ಮೂಟೆಯಿಂದ ಸೋರುವ ಕೆಸರು, ಗೊಬ್ಬರದ ಚೀಲದಿಂದ ಉದುರುವ ಪುಡಿ, ವರ್ಷದಲ್ಲಿ ಅರ್ಧ ಕಾಲ ಮಂಜು. ಇಷ್ಟು ಸಾಕು, ಜೀಪಿನ ಅಡಿಯಲ್ಲಿ ಹಾದುಹೋಗುವ ಬ್ರೇಕ್ ಪೈಪುಗಳು ತುಕ್ಕು ಹಿಡಿಯಲು. ಪೆನ್ಸಿಲಿಗಿಂತ ತೆಳುವಾದ ಕಬ್ಬಿಣದ ಪೈಪು ಅದು. ಅದರೊಳಗೆ ಬ್ರೇಕ್ ಆಯಿಲ್ ಇರುತ್ತದೆ; ಪೆಡಲ್ ಒತ್ತಿದಾಗ ಆ ಎಣ್ಣೆಯೇ ಹೋಗಿ ಚಕ್ರವನ್ನು ಹಿಡಿಯಬೇಕು. ಹಳೆಯ ಜೀಪು ಬೇರೆ. ನಾಲ್ಕು ಚಕ್ರಕ್ಕೂ ಒಂದೇ ಡಬ್ಬಿಯಿಂದ ಎಣ್ಣೆ. ಎಲ್ಲೋ ಒಂದು ಕಡೆ ಒಡೆದರೆ ನಾಲ್ಕಕ್ಕೂ ಬ್ರೇಕಿಲ್ಲ. ಹಾಗಾಗಿ ವರ್ಷಕ್ಕೊಮ್ಮೆ, ಬೇಸಿಗೆ ರಜೆ ಮುಗಿಯುವ ಮುಂಚೆ, ಅಪ್ಪ ಅಂಗಳದಲ್ಲೇ ಹಳೆ ಪೈಪು ಬಿಚ್ಚಿ ಹೊಸದು ಹಾಕುತ್ತಿದ್ದ. ಹಾಕಿದ ಮೇಲೆ ಆ ಇಳಿಜಾರಿನಲ್ಲಿ ಮೊದಲ ಸಲ ಇಳಿಯುವಾಗ ಮುಂದಿನ ಸೀಟಿನಲ್ಲಿ ಅವ್ವೆ ಕೂರಬೇಕು. ಅವ್ವೆ ಎಂದರೆ ನನ್ನ ತಾಯಿ.

"ಎಂಗ ಮನೆಯವರು ಕೂರದ ಜೀಪುಗ ಹಟ್ಟಿ ಮಕ್ಕಳ ಹತ್ತಿಸೋದು ಇಲ್ಲೆ" ಎನ್ನುತ್ತಿದ್ದ ಅಪ್ಪ.

ಜಗಲಿಯ ಮೇಲೆ ಗಂಡಸರೆಲ್ಲ ಸೇರುತ್ತಿದ್ದರು. ಅವ್ವೆ ಬಿಳಿಯ ಮುಂಡು ಉಟ್ಟು, ಒಗೆದ ಮೇಲ್ವಸ್ತ್ರದ ತುಂಡನ್ನು ಹೊದ್ದು, ಯಾರದೋ ಮದುವೆಗೆ ಹೊರಟವಳ ಹಾಗೆ ಹತ್ತಿ ಕೂರುತ್ತಿದ್ದಳು. ಜೀಪು ರಸ್ತೆಯವರೆಗೆ ಇಳಿದು, ತಿರುಗಿ ಹತ್ತಿ ಬರುತ್ತಿತ್ತು. ಅವ್ವೆ ಇಳಿದು ನೇರ ಒಲೆಯ ಮುಂದಕ್ಕೆ ಹೋಗುತ್ತಿದ್ದಳು. ಅಷ್ಟಾದರೆ ಆ ವರ್ಷದ ಮಟ್ಟಿಗೆ ಜೀಪು ಪಾಸಾದಂತೆ. ಸರ್ಕಾರದವರು ಕೊಡುವ ಸರ್ಟಿಫಿಕೇಟನ್ನು ನಮ್ಮ ಹಟ್ಟಿಯಲ್ಲಿ ಯಾರೂ ಕೇಳಿದವರಲ್ಲ.

ಕೆಲಸದಲ್ಲಿ ನನ್ನ ಪಾಲೂ ಒಂದಿತ್ತು. ಪೆಡಲ್ ಒತ್ತುವುದು. ಹೊಸ ಪೈಪು ಹಾಕಿದ ಮೇಲೆ ಒಳಗೆ ಸೇರಿದ ಗಾಳಿಯನ್ನು ತೆಗೆಯಬೇಕು. ಅಪ್ಪ ಜೀಪಿನಡಿ ಮಲಗಿ ಚಕ್ರದ ಬಳಿಯ ಸಣ್ಣ ತಿರುಪನ್ನು ಸಡಿಲಿಸುವುದು, ನಾನು ಮೇಲೆ ಕೂತು ಒತ್ತುವುದು.

"ಅಮುಕ್ಕು" ಎನ್ನುತ್ತಿದ್ದ ಕೆಳಗಿನಿಂದ. ನಾನು ಒತ್ತುತ್ತಿದ್ದೆ. "ಹಿಡಿ." ಹಿಡಿಯುತ್ತಿದ್ದೆ. "ಬುಡು." ಬಿಡುತ್ತಿದ್ದೆ. ತಿರುಪಿಗೆ ರಬ್ಬರ್ ನಳಿಕೆ ಸಿಕ್ಕಿಸಿ ಇಟ್ಟ ಬಾಟಲಿಯಲ್ಲಿ ಗುಳ್ಳೆ ಏಳುವುದು ನಿಲ್ಲುವವರೆಗೆ ಇದೇ ಮಂತ್ರ. ನನ್ನ ಕಾಲು ಪೆಡಲಿಗೆ ಎಟುಕಿದ ದಿನದಿಂದ ಈ ಕೆಲಸ ನನ್ನದೇ. ಕೊನೆಯಲ್ಲಿ ಪೆಡಲು ಕಲ್ಲಿನ ಹಾಗೆ ಗಟ್ಟಿಯಾಗುತ್ತಿತ್ತು. ಕಾಲಿನಡಿ ಆ ಗಟ್ಟಿತನ ಸಿಕ್ಕಾಗ ಆಗುತ್ತಿದ್ದ ಖುಷಿ ನನಗೆ ಪರೀಕ್ಷೆಯಲ್ಲಿ ಪಾಸಾದಾಗಲೂ ಆಗಿಲ್ಲ.

ಅಪ್ಪನ ನಿಜವಾದ ಕೈಚಳಕ ಇದ್ದದ್ದು ಪೈಪಿನ ತುದಿಯಲ್ಲಿ. ಪೈಪನ್ನು ಬೇಕಾದಷ್ಟುದ್ದಕ್ಕೆ ಕತ್ತರಿಸಿ, ಅರದಿಂದ ಉಜ್ಜಿ, ಅದಕ್ಕೆ ನಟ್ಟು ಪೋಣಿಸಿ, ಆಮೇಲೆ ತುದಿಯನ್ನು ತುತ್ತೂರಿಯ ಬಾಯಿಯಂತೆ ಅಗಲ ಮಾಡಬೇಕು. ಅದಕ್ಕೆ ಫ್ಲೇರ್ ಹೊಡೆಯುವುದು ಎನ್ನುತ್ತಾರೆ. ಎರಡು ಕಬ್ಬಿಣದ ಪಟ್ಟಿಗಳ ನಡುವೆ ಪೈಪನ್ನು ಬಿಗಿದು, ಅದರ ಬಾಯಿಗೆ ಒಂದು ಸಣ್ಣ ಉಕ್ಕಿನ ಗುಂಡಿ ಇಟ್ಟು, ಮೇಲಿನ ತಿರುಪನ್ನು ತಿರುಗಿಸಿದರೆ ಅಂಚು ಒಳಕ್ಕೆ ಮಡಚಿಕೊಳ್ಳುತ್ತದೆ. ಗುಂಡಿ ತೆಗೆದು ಮತ್ತೊಮ್ಮೆ ತಿರುಗಿಸಿದರೆ ಅಂಚು ಎರಡು ಪದರವಾಗಿ ಕೂರುತ್ತದೆ. ಗುಂಡಿ ಇಡದೆ ಒಂದೇ ಪದರದಲ್ಲಿ ಹೊಡೆಯುವುದು ಸುಲಭ. ಆದರೆ ಬ್ರೇಕಿನ ಒತ್ತಡಕ್ಕೆ ಅದು ನಿಲ್ಲುವುದಿಲ್ಲ, ಒಂದಲ್ಲ ಒಂದು ದಿನ ಸೀಳುತ್ತದೆ. ಇದನ್ನು ಅಪ್ಪ ನನಗೆ ಎಷ್ಟು ಸಲ ಹೇಳಿದ್ದನೆಂದರೆ, ಒಂದೇ ಪದರ ಹೊಡೆಯುವವರನ್ನು ನಾನು ಬಹುಕಾಲ ಕಳ್ಳಕಾಕರ ಜಾತಿಗೇ ಸೇರಿಸಿದ್ದೆ. ಆ ಗುಂಡಿ ಜೋಳದ ಕಾಳಿನಷ್ಟು ಇರುತ್ತದೆ. ಅದನ್ನು ನೆಟ್ಟಗೆ ಕೂರಿಸಲು ಕೈ ಅಲುಗಬಾರದು.

ಕೈ ಅಲುಗುತ್ತಿದೆ ಎಂದು ನನಗೆ ಗೊತ್ತಾದದ್ದು ಒಂದು ಶನಿವಾರ. ನಮ್ಮಲ್ಲಿ ಊರಿಗೆ ಬಂದವರು ಹಿರಿಯರ ಮುಂದೆ ತಲೆ ಬಾಗಿಸಬೇಕು, ಅವರು ತಲೆಯ ಮೇಲೆ ಕೈಯಿಟ್ಟು ಹರಸಬೇಕು. ವಾರವಾರವೂ ಬಾಗಿಸುತ್ತಿದ್ದ ತಲೆ ನನ್ನದು. ಅವತ್ತು ಅಪ್ಪನ ಕೈ ನನ್ನ ಕೂದಲ ಮೇಲೆ ನಿಲ್ಲಲಿಲ್ಲ. ಸಣ್ಣಗೆ, ಬಿಡದೆ ಅಲುಗುತ್ತಿತ್ತು. ಏನಪ್ಪಾ ಎಂದು ತಲೆಯೆತ್ತಿ ನೋಡಿದರೆ ಅವನು ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡಿದ್ದ.

"ಚಳಿ" ಎಂದ.

ಬೇರೆ ಊರಿನಲ್ಲಾಗಿದ್ದರೆ ಯಾರಾದರೂ ಹುಬ್ಬೇರಿಸುತ್ತಿದ್ದರೇನೋ. ನಮ್ಮಲ್ಲಿ ನಡುಗುವ ಕೈಗೆ ಕಾರಣ ಕೇಳುವವರೇ ಇಲ್ಲ. ಹುಟ್ಟಿದಾಗಿನಿಂದ ಎಲ್ಲರೂ ನಡುಗಿಕೊಂಡೇ ಇರುತ್ತೇವೆ. ಡಿಸೆಂಬರಿನಲ್ಲಿ ಅವನ ಕೈ ನಡುಗಿದಾಗ ಹಿಮ ಬಿದ್ದಿದೆ ಎಂದರು. ಫೆಬ್ರುವರಿಯಲ್ಲಿ ನಡುಗಿದಾಗ ಗಾಳಿ ಜಾಸ್ತಿ ಎಂದರು. ಏಪ್ರಿಲ್ಲಿನಲ್ಲಿ, ಹಾಸಿಗೆ ಹೊದಿಕೆಗಳನ್ನೆಲ್ಲ ಬಿಸಿಲಿಗೆ ಹಾಕಿದ್ದ ದಿನ, ಜಗಲಿಯ ಮೇಲೆ ಕೂತಿದ್ದ ದೊಡ್ಡಪ್ಪ ತನ್ನ ಹೆಗಲ ಮೇಲಿದ್ದ ಕಂಬಳಿಯನ್ನು ತೆಗೆದು ಅಪ್ಪನಿಗೆ ಹೊದಿಸಿದ. ದೊಡ್ಡಪ್ಪ ಅಪ್ಪನ ಅಣ್ಣ, ಹಟ್ಟಿಗೇ ಹಿರಿಯ. "ಈ ವರ್ಷ ಚಳಿ ಬುಡೋದೇ ಇಲ್ಲೆ" ಎಂದ. ಕೂತವರೆಲ್ಲ ಹೂಂಗುಟ್ಟಿದರು. ಅಪ್ಪ ಆ ಬಿಸಿಲಿನಲ್ಲಿ ಕಂಬಳಿ ಹೊದ್ದು ಬೆವರುತ್ತ ಕೂತಿದ್ದ. ನನಗೆ ಎಲ್ಲರ ಮೇಲೂ ಬೆಂಕಿಯಂಥ ಸಿಟ್ಟು ಬಂತು.

ನಾನೇ ಬಲವಂತ ಮಾಡಿ ಊಟಿಯ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಡಾಕ್ಟರು ತಮಿಳಿನಲ್ಲಿ ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ ಹೇಳಿದರು: ಇದು ಚಳಿಯಲ್ಲ, ನರದ ಕಾಯಿಲೆ. ಮಾತ್ರೆಯಿಂದ ಸ್ವಲ್ಪ ಹತೋಟಿಗೆ ಬರಬಹುದು, ಹೋಗುವುದಿಲ್ಲ. ವಾಪಸು ಬರುವಾಗ ಅಪ್ಪನೇ ಜೀಪು ಓಡಿಸಿದ. ಸ್ಟಿಯರಿಂಗ್ ಹಿಡಿದಾಗ ಕೈ ಅಷ್ಟಾಗಿ ನಡುಗುತ್ತಿರಲಿಲ್ಲ. ಹಿಡಿಯಲು ಏನಾದರೂ ದೊಡ್ಡದು ಸಿಕ್ಕರೆ ಅದು ಸುಮ್ಮನಿರುತ್ತಿತ್ತು. ಹಟ್ಟಿ ತಲುಪಿದ ಮೇಲೆ ಡಾಕ್ಟರು ಏನಂದರು ಎಂದು ಅವ್ವೆ ಕೇಳಿದಳು. "ಚಳಿಗ ಮಾತ್ರೆ ಕೊಟ್ಟರು" ಎಂದ ಅಪ್ಪ. ನಾನು ಬಾಯಿ ತೆರೆದೆ. ಅವ್ವೆ ನನ್ನ ಕಡೆ ನೋಡಿದ ರೀತಿಗೆ ಬಾಯಿ ಮುಚ್ಚಿದೆ. ಅವಳಿಗೆ ಎಲ್ಲ ಗೊತ್ತಿತ್ತು. ನನ್ನಂಥ ಬಾಯಿಬಡುಕಿಗೂ ಆ ಮನೆಯಲ್ಲಿ ಮಾತಾಡಲು ಜಾಗ ಇರಲಿಲ್ಲ.

ಜೂನ್ ಬಂತು. ಸೋಮವಾರ ಶಾಲೆ ಶುರು. ಅದರ ಹಿಂದಿನ ಶನಿವಾರ, ಶಾಲೆಯ ಅಡ್ಮಿಶನ್ ಕೆಲಸ ಮುಗಿಸಿ ನಾನು ಬಂದಾಗ ಜೀಪು ಅಂಗಳದಲ್ಲಿ ಕಲ್ಲುಗಳ ಮೇಲೆ ನಿಂತಿತ್ತು. ಹಿಂದಿನ ಚಕ್ರದ ಒಳಬದಿಯಲ್ಲಿ ಎಣ್ಣೆ ಜಿನುಗಿದ ಗುರುತು. ಅಪ್ಪ ಗೋಣಿಚೀಲ ಹಾಸಿಕೊಂಡು ಕೂತಿದ್ದ. ಪಕ್ಕದಲ್ಲಿ ಹೊಸ ಪೈಪಿನ ಸುರುಳಿ, ಫ್ಲೇರ್ ಹೊಡೆಯುವ ಪಟ್ಟಿ.

"ಈ ವರ್ಷ ವರ್ಕ್‌ಶಾಪಿಗೆ ಕೊಡೋಣ ಅಪ್ಪಾ" ಎಂದು ಮೆಲ್ಲಗೆ ಹೇಳಿದೆ. ಮೆಲ್ಲಗೆ ಹೇಳುವುದು ನನಗೆ ಎಷ್ಟು ಕಷ್ಟ ಎಂದು ನನ್ನನ್ನು ಬಲ್ಲವರಿಗೆ ಗೊತ್ತು.

ಅವನು ಸುರುಳಿಯನ್ನು ಬಿಚ್ಚತೊಡಗಿದ. ಪೈಪು ಕತ್ತರಿಸಿದ. ಅದು ಸರಿಯಾಗಿಯೇ ಬಂತು. ನಟ್ಟು ಪೋಣಿಸುವುದನ್ನು ಮರೆತಿರಲಿಲ್ಲ, ಬಾಯಿಯನ್ನು ಉಜ್ಜಿದ್ದೂ ನುಣುಪಾಗಿತ್ತು. ತಲೆಯೊಳಗೆ ಕೆಲಸ ಹಾಗೇ ಇತ್ತು. ಆಮೇಲೆ ಗುಂಡಿ. ಹೆಬ್ಬೆರಳು ತೋರುಬೆರಳಿನ ನಡುವೆ ಅದನ್ನು ಹಿಡಿದು ಪೈಪಿನ ಬಾಯಿಯ ಹತ್ತಿರ ತಂದ. ಅದು ಬಾಯಿಯ ಸುತ್ತ ಕುಣಿದು ಕೆಳಗೆ ಬಿತ್ತು. ಹುಡುಕಿ ತೆಗೆದ. ಮತ್ತೆ ಬಿತ್ತು. ನಾನು ಬಗ್ಗಿ ಎತ್ತಿಕೊಡಲು ಹೋದೆ.

"ನೀ ಬುಡು" ಎಂದ.

ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು ಹೇಗೋ ಕೂರಿಸಿ ತಿರುಪು ತಿರುಗಿಸಿದ. ತೆಗೆದು ನೋಡಿದರೆ ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾಗಿತ್ತು. ಆ ತುದಿಯನ್ನು ಕತ್ತರಿಸಿ ಎಸೆದು ಮತ್ತೆ ಶುರು ಮಾಡಿದ. ಮತ್ತೆ ಸೊಟ್ಟ. ಮತ್ತೆ ಕತ್ತರಿಸಿದ. ಕತ್ತರಿಸಿದಂತೆಲ್ಲ ಪೈಪು ಗಿಡ್ಡವಾಗುತ್ತಿತ್ತು. ಇನ್ನೊಂದು ಸಲ ಕತ್ತರಿಸಿದರೆ ಚಕ್ರಕ್ಕೆ ಎಟುಕುವುದಿಲ್ಲ ಎಂಬಲ್ಲಿಗೆ ಬಂತು. ನಾನು ಎದುರಿಗೇ ಕುಕ್ಕರುಗಾಲಿನಲ್ಲಿ ಕೂತಿದ್ದೆ. ನನ್ನ ಎರಡೂ ಕೈ ನೆಟ್ಟಗಿದ್ದವು. ಆ ಗುಂಡಿಯನ್ನು ನಾನು ಕಣ್ಣು ಮುಚ್ಚಿ ಕೂರಿಸಬಲ್ಲೆನಾಗಿದ್ದೆ. ಕೊಡು ಎಂದು ಕೇಳಿದರೆ ಅಪ್ಪ ಸತ್ತಂತೆಯೇ. ಕೇಳಲಾರದೆ, ಎದ್ದು ಹೋಗಲಾರದೆ, ಗೋಣಿಚೀಲದ ನಾರು ಕೀಳುತ್ತ ಕೂತೆ.

ಆಗ ಅವನು ಒಂದು ಕ್ಷಣ ನನ್ನನ್ನು ನೋಡಿದ. ನೋಡಿ, ಗುಂಡಿಯನ್ನು ಡಬ್ಬಿಯೊಳಕ್ಕೆ ಹಾಕಿ ಮುಚ್ಚಳ ಮುಚ್ಚಿದ. ಗುಂಡಿಯಿಲ್ಲದೆಯೇ ತಿರುಪು ಇಳಿಸಿದ. ಒಂದೇ ಪದರ. ಚೆಂದವಾಗಿ, ದುಂಡಗೆ ಬಂತು. ಯಾರು ನೋಡಿದರೂ ಒಳ್ಳೆಯ ಕೆಲಸ ಎನ್ನಬೇಕು, ಹಾಗೆ. ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಲಿಲ್ಲ. ಪ್ರತಿ ವರ್ಷ ನೋಡುತ್ತಿದ್ದ.

ಭಾನುವಾರ ಬೆಳಗ್ಗೆ ಪೈಪು ಕೂರಿಸಿ ಎಣ್ಣೆ ತುಂಬಿದ. ನಾನು ಮೇಲೆ ಕೂತೆ. "ಅಮುಕ್ಕು... ಹಿಡಿ... ಬುಡು." ಗುಳ್ಳೆ ನಿಂತಿತು. ಪೆಡಲು ಗಟ್ಟಿಯಾಯಿತು.

"ಗಟ್ಟಿ ಆತಾ?" ಎಂದು ಕೆಳಗಿನಿಂದ ಕೇಳಿದ.

ಆತು ಎನ್ನಲು ಹೋದವಳು ನಿಂತೆ. ಕಾಲು ಒತ್ತಿಕೊಂಡೇ ಇದ್ದೆ. ಪೆಡಲು ಮೊದಲು ಗಟ್ಟಿಯಾಗಿ ನಿಂತು, ಆಮೇಲೆ ತೀರಾ ನಿಧಾನಕ್ಕೆ, ಬೆಣ್ಣೆಗೆ ಬೆರಳು ಇಳಿದಂತೆ, ಕೆಳಗೆ ಹೋಗುತ್ತಿತ್ತು. ಇನ್ನಷ್ಟು ಒತ್ತಿದೆ. ಇನ್ನಷ್ಟು ಹೋಯಿತು.

"ಇಳೀತಾ ಉಂಟು ಅಪ್ಪಾ" ಎಂದೆ.

"ನಿನ್ನ ಕಾಲು ಇಳಿಯೋದು" ಎಂದ.

"ಕಾಲಲ್ಲ, ಪೆಡಲು!" ನನ್ನ ದನಿ ಏರಿತು. "ಎಲ್ಲೋ ಸೋರ್ತಾ ಉಂಟು. ಬಂದು ನೋಡು!"

ಅವನು ಹೊರಗೆ ಬಂದು, ನನ್ನನ್ನು ಇಳಿಸಿ, ತಾನು ಕೂತು ಒತ್ತಿದ. ಒತ್ತಿ ಕೂಡಲೇ ಬಿಟ್ಟ. ಹಿಡಿದು ನೋಡಲಿಲ್ಲ. "ಕಲ್ಲು ಇದ್ದ ಹಾಗೆ ಉಂಟು" ಎಂದು ಇಳಿದು, ಕೈ ಒರೆಸಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಜಗಲಿ ತುಂಬಿತ್ತು. ದೊಡ್ಡಪ್ಪ ನಡುವೆ ಕೂತಿದ್ದ. ಹೊಸ ಬ್ಯಾಗು ತಗುಲಿಸಿಕೊಂಡ ಮಕ್ಕಳು ನಾಳೆ ಯಾರು ಯಾವ ಕಡೆ ಕೂರುವುದೆಂದು ಆಗಲೇ ಜಗಳ ಶುರು ಮಾಡಿದ್ದರು. ನಾನು ಅಡುಗೆಮನೆಗೆ ಓಡಿದೆ. ಅವ್ವೆ ಮುಂಡು ಉಟ್ಟು ತುಂಡು ಹೊದ್ದುಕೊಳ್ಳುತ್ತಿದ್ದಳು. ಅವಳ ಮುಂದೆ ಎಲ್ಲ ಹೇಳಿಬಿಟ್ಟೆ. ಒಂದೇ ಪದರ ಹೊಡೆದದ್ದು, ಪೆಡಲು ಇಳಿದದ್ದು, ಡಾಕ್ಟರು ಹೇಳಿದ್ದು. ಕೂರಬೇಡ ಎಂದೆ. ಅವ್ವೆ ತುಂಡಿನ ಅಂಚನ್ನು ಸರಿಮಾಡಿಕೊಳ್ಳುತ್ತ ಕೇಳಿಸಿಕೊಂಡಳು. ಆಮೇಲೆ ಹೊರಗೆ ಹೋಗಿ ಜೀಪು ಹತ್ತಿ ಕೂತಳು.

ನಾನು ಹಿಂದೆಯೇ ಹೋಗಿ ಅವಳ ತುಂಡನ್ನು ಹಿಡಿದು ಎಳೆದೆ. "ಇಳಿ ಅವ್ವೇ" ಎಂದೆ. ಜಗಲಿಯವರಿಗೆ ಕೇಳಿಸಬಾರದೆಂದು ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದೆ. ಅವರ ಮುಂದೆ ಕಿರುಚಿದ್ದರೆ ಅಪ್ಪನನ್ನು ನಡುಬೀದಿಯಲ್ಲಿ ಬೆತ್ತಲೆ ಮಾಡಿದಂತೆ. ಕಿರುಚದಿದ್ದರೆ ಅವ್ವೆ ಆ ಇಳಿಜಾರಿನಲ್ಲಿ ಇಳಿಯುತ್ತಾಳೆ. ಇಳಿದು ಬಂದುಬಿಟ್ಟರೆ ನಾಳೆ ಮಕ್ಕಳು. ಯಾವ ಕಡೆಗೆ ಕಾಲಿಟ್ಟರೂ ಹಳ್ಳ. ನನ್ನಷ್ಟು ದಿಕ್ಕುಗೆಟ್ಟವರು ಆ ಹೊತ್ತಿನಲ್ಲಿ ಈ ಬೆಟ್ಟದಲ್ಲಿ ಇನ್ನೊಬ್ಬರಿರಲಿಲ್ಲ.

ಅವ್ವೆ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ನಾ ಇಳಿದಲೆ ಅವನ ಜೀಪುಗ ಇನ್ನಾರು ಹತ್ತೋದು, ಕೂಸೆ?" ಎಂದಳು.

ಅಪ್ಪ ಹತ್ತಿ ಕೂತ. ಗಾಡಿ ಸ್ಟಾರ್ಟ್ ಆಯಿತು. ಅಂಗಳ ದಾಟಿ ಜಗಲಿಯ ಪಕ್ಕದಿಂದ ಇಳಿಜಾರಿನ ತುಟಿಯವರೆಗೆ ಮೆಲ್ಲಗೆ ಹೋಯಿತು. ನಾನು ಅವ್ವೆಯ ಬದಿಯಲ್ಲಿ ಜೊತೆಜೊತೆಗೇ ನಡೆದೆ. ಹಿಡಿದು ನಿಲ್ಲಿಸುವವಳ ಹಾಗೆ ಜೀಪಿನ ಕಂಬಿಯ ಮೇಲೆ ಕೈಯಿಟ್ಟಿದ್ದೆ. ನಗು ಬರುತ್ತದೆ ಈಗ. ಅಳುವೂ ಬರುತ್ತದೆ.

ತುಟಿಯ ಮೇಲೆ ಅಪ್ಪ ಬ್ರೇಕ್ ಹಿಡಿದು ನಿಲ್ಲಿಸಿದ. ಪ್ರತಿ ವರ್ಷವೂ ಅಲ್ಲಿ ಹಾಗೆ ಒಂದು ಗಳಿಗೆ ನಿಲ್ಲಿಸಿ, ಜಗಲಿಯ ಕಡೆ ನೋಡಿ, ಆಮೇಲೆ ಇಳಿಯುತ್ತಿದ್ದ. ಜೀಪು ನಿಂತಿತು. ಮೂತಿ ಕೆಳಮುಖವಾಗಿತ್ತು. ಜಗಲಿಯಲ್ಲಿ ಯಾರೋ ಶಹಬ್ಬಾಸ್ ಎಂದರು. ಅಷ್ಟರಲ್ಲಿ ಮುಂದಿನ ಚಕ್ರದ ಕೆಳಗೆ ಒಂದು ಸಣ್ಣ ಕಲ್ಲು ಕರಕರ ಎಂದಿತು. ಜೀಪು ಮುಂದಕ್ಕೆ ಹೋಗುತ್ತಿತ್ತು. ಅಪ್ಪನ ಕಾಲು ಪೆಡಲಿನ ಮೇಲೆಯೇ ಇತ್ತು. ಮೊಣಕಾಲು ನೆಟ್ಟಗಾಗುವಷ್ಟು ಒತ್ತಿದ್ದ. ಆದರೂ ಜೀಪು ಒಂದು ಗೇಣು, ಇನ್ನೊಂದು ಗೇಣು, ಯಾರೋ ಹಿಂದಿನಿಂದ ಮೆಲ್ಲಗೆ ತಳ್ಳಿದಂತೆ ಜಾರುತ್ತಿತ್ತು.

ಅಪ್ಪ ಎಣ್ಣೆಯ ಹಂಗಿಲ್ಲದ ಹ್ಯಾಂಡ್ ಬ್ರೇಕ್ ಎಳೆದ. ಜೀಪು ಎಗರಿ ನಿಂತು, ಆಫ್ ಆಯಿತು.

ಅವನು ಅವ್ವೆಯ ಕಡೆ ತಿರುಗಿದ. ನಾನೂ ನೋಡಿದೆ. ಅವ್ವೆ ಮುಂದೆ ನೋಡುತ್ತ ಕೂತಿದ್ದಳು. ಎದುರಿಗೆ ಹಿಡಿದುಕೊಳ್ಳಲು ಕಂಬಿ ಇತ್ತು. ಅವಳು ಅದನ್ನು ಹಿಡಿದಿರಲಿಲ್ಲ. ಎರಡೂ ಕೈ ಮಡಿಲಲ್ಲಿ, ಅಂಗೈ ಮೇಲಾಗಿ, ಹಾಗೇ ಇದ್ದವು. ಬ್ರೇಕು ಕೈಕೊಡುತ್ತದೆಂದು ಅವಳಿಗೆ ಮೊದಲೇ ಗೊತ್ತಿತ್ತು ಎಂಬುದು ಅಪ್ಪನಿಗೆ ತಿಳಿದದ್ದು ಆಗಲೇ ಇರಬೇಕು. ಏನೂ ಗೊತ್ತಿಲ್ಲದವಳಾಗಿದ್ದರೆ ಜೀಪು ಎಗರಿದಾಗ ಕಂಬಿಗೆ ಕೈ ಹಾಕುತ್ತಿದ್ದಳು.

"ಇಳಿ" ಎಂದ ಅಪ್ಪ.

ಅವ್ವೆ ಇಳಿಯಲಿಲ್ಲ.

"ಇಳಿ ಎಂದೆ."

ಜಪ್ಪಯ್ಯ ಅಂದರೂ ಅವಳು ಅಲುಗಲಿಲ್ಲ. ಕೊನೆಗೆ ಅಪ್ಪನೇ ಇಳಿದ. ದಾರಿ ಬದಿಯಿಂದ ಕಲ್ಲು ತಂದು ಚಕ್ರಗಳಿಗೆ ಒಡ್ಡಿದ. ಅದಕ್ಕೆ ಎರಡು ಕೈಯೂ ಬೇಕಾಯಿತು, ಕಲ್ಲು ಬಿಟ್ಟೊಡನೆ ಎರಡೂ ನಡುಗಿದವು, ಅಷ್ಟು ಜನರ ಎದುರಿಗೆ. ಆಮೇಲೆ ತಲೆ ತಗ್ಗಿಸಿ ಜಗಲಿಯ ಮುಂದೆ ಹಾದು ಮನೆಯೊಳಗೆ ಹೋದ. ಯಾರೂ ಅವನ ಕಡೆ ನೋಡಲಿಲ್ಲ. ದೊಡ್ಡಪ್ಪ ಆಕಾಶಕ್ಕೆ ಕತ್ತೆತ್ತಿ, "ಮಂಜು ಬಂದುಬುಟ್ಟತು. ಮಂಜೊಳಗೆ ಎಂಥ ಟೆಸ್ಟು. ನಾಳೆಗ ನೋಡುವ" ಎಂದ. ಮಂಜು ಎಲ್ಲಿಯೂ ಇರಲಿಲ್ಲ. ಎದುರು ಬೆಟ್ಟದ ಮೇಲಿನ ಒಂದೊಂದು ಮರವೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಗಂಡಸರೆಲ್ಲ ಹೌದು ಹೌದು ಮಂಜು ಎನ್ನುತ್ತ ಎದ್ದರು. ಆರು ತಿಂಗಳು ಆ ಜನರ ಸುಳ್ಳಿಗೆ ಕೊತಕೊತ ಕುದಿದಿದ್ದವಳು ನಾನು. ಅವತ್ತು ದೊಡ್ಡಪ್ಪನ ಕಾಲಿಗೆ ಬೀಳಬೇಕು ಅನ್ನಿಸಿತು.

ಅವ್ವೆ ಜೀಪಿನಲ್ಲೇ ಕೂತಿದ್ದಳು. ಅವಳು ಇಳಿದರೆ ಗಂಡನ ಕೆಲಸ ನಂಬದೆ ಇಳಿದಳು ಎಂದಾಗುತ್ತದೆ. ಹಾಗಾಗಿ ಅವಳು ಇಳಿಯುವ ಹಾಗಿರಲಿಲ್ಲ. ಇದನ್ನು ಅವಳು ನನಗೆ ಹೇಳಲಿಲ್ಲ, ಹೇಳದೆಯೇ ಅರ್ಥವಾಯಿತು. ಹೊಲದಿಂದ ಬರುವ ಹೆಂಗಸರು "ಎಲ್ಲಿಗ ಹೊರಟೆ ಅಕ್ಕಾ?" ಎಂದು ಕೇಳುತ್ತಿದ್ದರು. "ಅವ ಬರಲಿ, ಇಲ್ಲೇ ಕೆಳಗೆ ಹೋಗಿ ಬರೋದು" ಎನ್ನುತ್ತಿದ್ದಳು. ಕಾಫಿ ತಂದುಕೊಟ್ಟೆ. ಕುಡಿದು ಲೋಟ ಕೊಟ್ಟಳು. ಸಂಜೆ ದನಗಳು ಜೀಪಿನ ಎರಡೂ ಬದಿಯಿಂದ ದಾಟಿ ಹೋದವು. ನಾನು ಪಕ್ಕದ ಕಲ್ಲಿನ ಮೇಲೆ ಕೂತು ಅಳುತ್ತಿದ್ದೆ. ಒಳಗೆ ಹೋಗಿ ಅಪ್ಪನನ್ನು ಕರೆಯುವ ಧೈರ್ಯವೂ ನನಗಿರಲಿಲ್ಲ.

ಬಿಸಿಲು ಬೆಟ್ಟದ ಹಿಂದೆ ಸರಿಯುವ ಹೊತ್ತಿಗೆ ಅಪ್ಪ ಬಂದ. ಅವ್ವೆಯ ಬದಿಯಲ್ಲಿ ನಿಂತ. ಆಮೇಲೆ, ಹತ್ತಿರದಲ್ಲಿದ್ದ ನಮಗಿಬ್ಬರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ಇನ್ನು ಎನ್ನ ಕೈಲಿ ಆಗದು" ಎಂದ.

ಆಗ ಅವ್ವೆ ಇಳಿದಳು.

ಆ ವಾರ ಮಕ್ಕಳು ರಸ್ತೆಯವರೆಗೆ ನಡೆದುಹೋದರು. ಊಟಿಯಿಂದ ಬಂದ ಮೆಕ್ಯಾನಿಕ್ ಅಂಗಳದಲ್ಲೇ ಎಲ್ಲ ಪೈಪುಗಳನ್ನೂ ಬದಲಿಸಿದ. ಅಪ್ಪ ಮನೆಯಿಂದ ಹೊರಗೆ ಬಂದು ನೋಡಲಿಲ್ಲ. ಗಾಡಿ ಓಡಿಸಲು ಪಕ್ಕದ ಹಟ್ಟಿಯ ಒಬ್ಬನನ್ನು ಗೊತ್ತುಮಾಡಿದ್ದಾಯಿತು. ಕೆಲಸ ಮುಗಿಯಿತು, ಬ್ರೇಕು ಗಟ್ಟಿಯಿತ್ತು. ನಾನೇ ಒತ್ತಿ, ಹಿಡಿದು, ನೋಡಿದ್ದೆ. ಆದರೂ ಶನಿವಾರ ಜಗಲಿಯ ಮೇಲೆ ಕೂತವರು ಏಳಲೊಲ್ಲರು. ಮಕ್ಕಳನ್ನು ಹತ್ತಿಸುವ ಮಾತೂ ಎತ್ತಲೊಲ್ಲರು. ಹೊಸ ಡ್ರೈವರ್ ಏನೆಂದು ಅರ್ಥವಾಗದೆ ಸ್ಟಿಯರಿಂಗ್ ಹಿಡಿದು ಕಾಯುತ್ತಿದ್ದ. ಅವ್ವೆ ತುಂಡು ಹೊದ್ದುಕೊಳ್ಳಲು ಒಳಗೆ ಹೋದಳು.

ಅವಳು ಬರುವ ಮೊದಲೇ ಅಪ್ಪ ಹೊರಗೆ ಬಂದ. ಕೋಟು ತೊಟ್ಟಿದ್ದ, ರುಮಾಲು ಸುತ್ತಿದ್ದ. ಯಾರ ಕಡೆಗೂ ನೋಡದೆ ಜೀಪನ್ನು ಸುತ್ತಿಕೊಂಡು ಎಡಗಡೆಗೆ ಬಂದು, ಅವ್ವೆ ಕೂರುವ ಸೀಟಿನಲ್ಲಿ ಕೂತ. ನಾನು ಹಿಂದೆ ಹತ್ತಿದೆ. ಜೀಪು ಇಳಿಜಾರಿನ ತುಟಿಯಲ್ಲಿ ನಿಂತು, ಇಳಿಯಿತು.

ಡ್ರೈವರ್ ಚೆನ್ನಾಗಿಯೇ ಓಡಿಸಿದ. ಗೇರ್ ಇಳಿಸಿ, ಎಲ್ಲಿ ಹಿಡಿಯಬೇಕೋ ಅಲ್ಲಿ ಹಿಡಿದ. ಅಪ್ಪ ಎರಡು ಕೈಯನ್ನೂ ತೊಡೆಯ ಕೆಳಗೆ ಅಡಗಿಸಿಕೊಂಡು ನೆಟ್ಟಗೆ ಕೂತಿದ್ದ. ಹಿಂದಿನಿಂದ ಬಗ್ಗಿದರೆ ಅವನ ಕಾಲು ಕಾಣುತ್ತಿತ್ತು. ಮೊದಲ ತಿರುವು ಬಂತು. ಡ್ರೈವರಿಗಿಂತ ಒಂದು ಕ್ಷಣ ಮುಂಚೆ ಅಪ್ಪನ ಬಲಗಾಲು ತನ್ನ ಮುಂದಿನ ತಗಡನ್ನು ಒತ್ತಿತು. ಹಿಡಿಯಿತು. ಬಿಟ್ಟಿತು. ಮುಂದಿನ ತಿರುವಿನಲ್ಲಿ ಮತ್ತೆ. ಅಲ್ಲಿ ಪೆಡಲಿರಲಿಲ್ಲ, ಬರೀ ತಗಡು. ರಸ್ತೆ ಬರುವವರೆಗೂ ಅವನು ಒತ್ತುತ್ತಲೇ ಇದ್ದ.